ಜೇಬಿನಲ್ಲಿ ಮೂರು ಫ್ಯೂಸ್

ಶಿರಾ ಸುತ್ತಮುತ್ತಲ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟಾರಿನ ಪ್ಯಾನಲ್ ಬೋರ್ಡ್ ರಿಪೇರಿ ಮಾಡುವುದು ನನ್ನ ಕೆಲಸ. ತೋಟದ ಲೈನಿಗೆ ತ್ರೀ ಫೇಸ್ ಬರುವುದೇ ದಿನಕ್ಕೆ ಕೆಲವು ಗಂಟೆ. ಅಷ್ಟರಲ್ಲಿ ತೊಂದರೆ ಹುಡುಕಬೇಕು. ವೋಲ್ಟೇಜ್ ಎಷ್ಟಿದೆ, ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಅಂತ ನೋಡಲು ಕರೆಂಟ್ ಇರಲೇಬೇಕು. ‘ಆಫ್ ಮಾಡಿ ಕೆಲಸ ಮಾಡಿ’ ಅನ್ನುವ ಬುದ್ಧಿಮಾತು ನಮಗೆ ಅರ್ಧಕ್ಕೇ ನಿಲ್ಲುತ್ತದೆ.

ಆರೇಳು ವರ್ಷದ ಹಿಂದೆ ಒಂದು ಅಡಿಕೆ ತೋಟಕ್ಕೆ ಹೋಗಿದ್ದೆ. 7.5 ಎಚ್‌ಪಿ ಮೋಟಾರ್, ಪದೇ ಪದೇ ಟ್ರಿಪ್ ಆಗುತ್ತಿತ್ತು. “ಬೇಗ ನೋಡಪ್ಪಾ, ಮೂರು ಗಂಟೆಗೆ ಕರೆಂಟ್ ತೆಗೀತಾರೆ” ಎಂದು ಯಜಮಾನರು ಬೆನ್ನ ಹಿಂದೆಯೇ ನಿಂತಿದ್ದರು. ವೋಲ್ಟೇಜ್, ಆಂಪಿಯರ್ ಅಳೆಯುವ ನನ್ನ ಕೈಮೀಟರಿನ ಗುಂಡಿಯನ್ನು ಎಸಿ ವೋಲ್ಟೇಜಿಗೆ ತಿರುಗಿಸಿ, ಅದರ ವೈರಿನ ತುದಿಯ ಲೋಹದ ಕಡ್ಡಿಗಳನ್ನು ಎರಡು ಫೇಸಿಗೆ ಮುಟ್ಟಿಸಿದೆ. ಢಂ ಎಂದಿತು.

ಹಿಂದಿನ ಸಂಜೆ ಸೋಲಾರ್ ಲೈಟಿನ ಬ್ಯಾಟರಿ ಕರೆಂಟ್ ಅಳೆಯಲು ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಚುಚ್ಚಿದ್ದೆ. ವಾಪಸ್ ಬದಲಿಸಿರಲಿಲ್ಲ. ಆ ತೂತಿನಲ್ಲಿ ವೈರ್ ಇದ್ದರೆ, ಗುಂಡಿ ಎಲ್ಲಿದ್ದರೂ ಮೀಟರ್ ಬರೀ ಒಂದು ತಂತಿ ಇದ್ದ ಹಾಗೆ. ಎರಡು ಫೇಸಿನ ನಡುವೆ 415 ವೋಲ್ಟ್. ನನ್ನದು ಅಗ್ಗದ ಮೀಟರ್, ಆ ತೂತಿಗೆ ಒಳಗೆ ಫ್ಯೂಸೇ ಇರಲಿಲ್ಲ. ಹಾಗಂತ ಮೀಟರಿನ ಮೇಲೆ ಬರೆದೂ ಇತ್ತು, ನಾನು ಓದಿರಲಿಲ್ಲ ಅಷ್ಟೆ. ಕಡ್ಡಿಯ ತುದಿ ಕರಗಿಹೋಗಿತ್ತು. ಬೆರಳ ಗೆಣ್ಣುಗಳು ಸುಟ್ಟಿದ್ದವು. ಸುಮಾರು ಹೊತ್ತು ಕಣ್ಣ ಮುಂದೆ ಹಸಿರು ಚುಕ್ಕೆ ಬಿಟ್ಟು ಬೇರೇನೂ ಕಾಣಲಿಲ್ಲ. ತಮಾಷೆ ಅಂದರೆ ಶಾಕ್ ಹೊಡೆಯಲೇ ಇಲ್ಲ. ಅಲ್ಲಿವರೆಗೆ ನಾನು ಹೆದರುತ್ತಿದ್ದದ್ದು ಶಾಕಿಗೆ ಮಾತ್ರ.

ಈಗ ಆಂಪಿಯರ್ ನೋಡಲು ಕ್ಲಾಂಪ್ ಮೀಟರ್ ಬಳಸುತ್ತೇನೆ. ವೈರಿನ ಸುತ್ತ ಹಾಕಿದರೆ ಸಾಕು, ಏನನ್ನೂ ಬಿಚ್ಚಬೇಕಿಲ್ಲ. ವೋಲ್ಟೇಜಿಗೆ ‘ಕ್ಯಾಟ್ 3’ ಎಂದು ಬರೆದಿರುವ, ಅಂದರೆ ಇಂಥ ಪ್ಯಾನಲ್ ಬೋರ್ಡಿನ ಲೈನಿಗೆ ತಡೆಯುವ ದರ್ಜೆಯ ಮೀಟರ್ ತಗೊಂಡೆ. ದುಡ್ಡು ಜಾಸ್ತಿಯೇ ಆಯಿತು. ಕಡ್ಡಿಗಳ ತುದಿಗೆ ಸ್ವಲ್ಪ ಲೋಹ ಬಿಟ್ಟು ಉಳಿದದ್ದಕ್ಕೆ ಸ್ಲೀವ್ ಹಾಕಿದ್ದೇನೆ. ಒಂದು ಕಡ್ಡಿಯನ್ನು ಕ್ಲಿಪ್‌ನಿಂದ ಮೊದಲೇ ಕಚ್ಚಿಸಿಟ್ಟು, ಇನ್ನೊಂದನ್ನು ಬಲಗೈಯಲ್ಲಿ ಹಿಡಿಯುತ್ತೇನೆ. ಎಡಗೈ ಬೆನ್ನ ಹಿಂದೆ. ಎರಡೂ ಕೈ ಒಳಗಿದ್ದರೆ ಕರೆಂಟ್ ಎದೆ ಹಾದು ಹೋಗುವ ದಾರಿ ಸಿಗುತ್ತದೆ. 30 ಮಿಲಿಆಂಪಿಯರ್ ಕೂಡ ಜೀವ ತೆಗೆಯಬಲ್ಲದು. ಉಂಗುರ, ವಾಚು ಬೈಕಿನ ಪೆಟ್ಟಿಗೆಯಲ್ಲಿ. ಕಾಲಡಿ ಒಣ ಹಲಗೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಅವರಿಗೆ ಮೇನ್ ಸ್ವಿಚ್ ಎಲ್ಲಿದೆ ಅಂತ ತೋರಿಸಿಯೇ ಶುರು ಮಾಡುತ್ತೇನೆ.

ಅಳತೆ ಮುಗಿದ ಮೇಲೆ ಸ್ಕ್ರೂ ಮುಟ್ಟುವ ಕೆಲಸಕ್ಕೆ ಎಲ್ಲ ಆಫ್. ನಿಜವಾದ ಕಾಟ ಶುರುವಾಗುವುದೇ ಇಲ್ಲಿ. ‘ಕರೆಂಟ್ ಇಲ್ಲ’ ಅನ್ನುವುದೇ ಬೇರೆ, ‘ಆಫ್ ಮಾಡಿದ್ದೇನೆ’ ಅನ್ನುವುದೇ ಬೇರೆ. ಹೋದ ಕರೆಂಟ್ ಯಾವಾಗ ಬೇಕಾದರೂ ಬರಬಹುದು, ಸ್ಟಾರ್ಟರ್ ಆಟೋದಲ್ಲಿದ್ದರೆ ಮೋಟಾರ್ ತಾನೇ ತಿರುಗುತ್ತದೆ. ಈಗಂತೂ ಮೊಬೈಲ್ ಸ್ಟಾರ್ಟರ್ ಬಂದಿದೆ. ಬೆಂಗಳೂರಿನಲ್ಲಿ ಕೂತ ಮಗ ಇಲ್ಲಿ ನನ್ನ ಕೈ ಒಳಗಿದೆ ಅಂತ ತಿಳಿಯದೆ ಮೋಟಾರ್ ಆನ್ ಮಾಡಬಹುದು, ಅಲ್ವಾ?

ಅದಕ್ಕೇ ಮೂರೂ ಫೇಸಿನ ಕಿಟ್‌ಕ್ಯಾಟ್ ಫ್ಯೂಸ್, ಅಂದರೆ ಕೈಯಲ್ಲೇ ಕೀಳಬಹುದಾದ ಪಿಂಗಾಣಿ ಫ್ಯೂಸ್, ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ. ಟೆಸ್ಟರ್ ದೀಪ ನಂಬುವುದಿಲ್ಲ. ಬಿಸಿಲಿಗೆ ಕಾಣುವುದಿಲ್ಲ, ಒಣ ಹಲಗೆ ಮೇಲೆ ನಿಂತರೆ ಉರಿಯದೆಯೂ ಇರಬಹುದು. ಮೀಟರನ್ನು ಮೊದಲು ಫ್ಯೂಸಿನ ಮೇಲ್ಬದಿಯ ಜೀವಂತ ಲೈನಿಗೆ ಹಿಡಿದು, ಆಮೇಲೆ ನಾನು ಮುಟ್ಟುವ ಜಾಗಕ್ಕೆ, ಮತ್ತೆ ಅದೇ ಲೈನಿಗೆ ಹಿಡಿಯುತ್ತೇನೆ. ನಡುವೆ ಮೀಟರೇ ಕೆಟ್ಟಿದ್ದರೆ ಗೊತ್ತಾಗಬೇಕಲ್ಲ. ಕೆಪಾಸಿಟರ್ ಇದ್ದರೆ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ, ಹೋಲ್ಡರಿಗೆ ವೈರ್ ಕಟ್ಟಿದ ಬಲ್ಬಿನಿಂದ ಖಾಲಿ ಮಾಡುತ್ತೇನೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವ ಹುಡುಗರನ್ನು ಕಂಡರೆ ಸಿಟ್ಟು ಬರುತ್ತದೆ.

ಈ ಪದ್ಧತಿಯಿಂದ ಒಂದೇ ಸಲ ಪೇಚಾಡಿದ್ದು. ಕೆಲಸ ಮುಗಿಯುವಷ್ಟರಲ್ಲಿ ಕರೆಂಟ್ ಹೋಗಿತ್ತು. ಪ್ಯಾನಲ್ ಮುಚ್ಚಿ, ಟೀ ಕುಡಿದು ಮನೆಗೆ ಬಂದೆ. ರಾತ್ರಿ ಒಂಬತ್ತಕ್ಕೆ ಯಜಮಾನರ ಫೋನ್: “ತ್ರೀ ಫೇಸ್ ಬಂದೈತೆ, ಮೋಟಾರ್ ಹೊರಡ್ತಿಲ್ವಲ್ಲಪ್ಪಾ?” ಗೋಡೆಗೆ ನೇತು ಹಾಕಿದ್ದ ಪ್ಯಾಂಟಿನ ಜೇಬು ಮುಟ್ಟಿ ನೋಡಿದೆ. ಹನ್ನೆರಡು ಕಿಲೋಮೀಟರ್ ವಾಪಸ್ ಹೋಗಿ ಕೊಟ್ಟು ಬಂದೆ.