ಇಂಗ್ಲಿಷ್ ಕ್ಲಾಸಿಕ್ ಕೊಡಿಸುವ ಮೊದಲು ನಡುವಿನ ಪುಟ ತೆರೆಯಿರಿ

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ನನಗೊಂದು ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಸಿಕ್ಕಿತು. ಮೊದಲ ಪುಟದಲ್ಲಿ ಸಾಲುಸಾಲಿನ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅರ್ಥ. ಐದನೇ ಪುಟದಲ್ಲಿ ಅಲ್ಲೊಂದು ಇಲ್ಲೊಂದು. 11ನೇ ಪುಟದಿಂದಾಚೆ ಒಂದು ಗೀರೂ ಇಲ್ಲ. ಪಾಪ, ಯಾರೋ ಅಲ್ಲಿಗೇ ಕೈಬಿಟ್ಟಿದ್ದಾರೆ.

ತಪ್ಪು ಓದಿದವರದ್ದಲ್ಲ, ಆರಿಸಿಕೊಟ್ಟವರದ್ದು. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿಗೆ ಒಳ್ಳೆ ಅಂಕ ಬಂತು ಅಂತ ಸೋದರಮಾವನೋ ಮೇಷ್ಟ್ರೋ ಹೆಸರುವಾಸಿ ಪುಸ್ತಕವನ್ನೇ ನೋಡಿ ತಂದುಕೊಡುತ್ತಾರೆ. ಕನ್ನಡ ಮಾಧ್ಯಮದಿಂದ ಪಿಯುಸಿಗೆ ಬಂದ ಚುರುಕು ಮಕ್ಕಳಿಗೆ ಪುಸ್ತಕ ಆರಿಸುವ ಕ್ರಮ ಬೇರೆಯೇ ಇದೆ.

ಹಂತ 1: ದಪ್ಪ ನೋಡಿ. ಮೊದಲ ಪುಸ್ತಕ 200 ಪುಟ ದಾಟುವುದು ಬೇಡ. ಅಷ್ಟೇ.

ಹಂತ 2: ಕಥೆ ವಯಸ್ಸಿಗೆ ತಕ್ಕದಾಗಿರಲಿ. 16 ವರ್ಷದವರ ಕೈಗೆ ಮೊಲ–ಕರಡಿ ಕಥೆ ಕೊಟ್ಟರೆ ಅವಮಾನವಾಗುತ್ತದೆ. ಎಳೆಯದು ಅವರ ಇಂಗ್ಲಿಷ್, ಬುದ್ಧಿ ಅಲ್ಲ.

ಹಂತ 3: ಪುಟದ ಪರೀಕ್ಷೆ. ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯಲ್ಲಿ ಮೊದಲ ಪುಟ ಓದಿ ‘ಸುಲಭ ಇದೆ’ ಅಂತಾರೆ. ಮೊದಲ ಪುಟ ಮದುವೆಮನೆಯ ಬಾಗಿಲಿದ್ದಂತೆ, ಒಳಗೆ ಹೇಗಿದೆ ಅನ್ನೋದು ಅಲ್ಲಿ ಗೊತ್ತಾಗುವುದಿಲ್ಲ. ನಡುವಿನ ಒಂದು ಪುಟ ತೆರೆಯಿರಿ. ಓದಬೇಕಾದವರೇ ಓದಲಿ, ನಿಘಂಟು ಬೇಡ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಲಿ.

ನೂರು ಪದಗಳಲ್ಲಿ 98 ಗೊತ್ತಿದ್ದರೆ ಯಾರ ನೆರವೂ ಇಲ್ಲದೆ ಓದಬಹುದು ಎನ್ನುವುದು ಎರಡನೇ ಭಾಷೆಯ ಓದನ್ನು ಅಭ್ಯಾಸ ಮಾಡಿದವರ ಲೆಕ್ಕ. ಪುಟಕ್ಕೆ 250 ಪದ ಅಂದುಕೊಂಡರೆ, ಐದು ಬೆರಳಿನವರೆಗೆ ಒಬ್ಬರೇ ಓದಲಿ. ಹತ್ತರವರೆಗೆ ಮೇಷ್ಟ್ರ ಜೊತೆ. ಹತ್ತು ಬೆರಳೂ ಸಾಲದಿದ್ದರೆ ಪುಸ್ತಕ ವಾಪಸ್ ಇಡಿ.

ಆದರೆ ಬೆರಳಿನ ಲೆಕ್ಕವನ್ನೇ ನಂಬಿ ಕೂರಬೇಡಿ. ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ (1952) ತೆರೆದರೆ ಸ್ಕಿಫ್, ಗ್ಯಾಫ್, ಹಾರ್ಪೂನ್ ಅಂತ ದೋಣಿಯ ಪದಗಳೇ ನಾಲ್ಕೈದು ಬೆರಳು ಮಡಚಿಸುತ್ತವೆ. ಅವು ಕೊನೆಯವರೆಗೂ ಮತ್ತೆ ಮತ್ತೆ ಬರುತ್ತವೆ. ಒಮ್ಮೆ ಕಲಿತರೆ ಸಾಕು. ಹಾಗೆ ತಿರುಗಿ ಬರುವ ಪದವನ್ನು ಲೆಕ್ಕದಿಂದ ಬಿಡಿ.

ಪದಕ್ಕಿಂತ ಜಾಸ್ತಿ ಕಾಡುವುದು ವಾಕ್ಯ. ಕನ್ನಡದಲ್ಲಿ ‘ನಿನ್ನೆ ಊರಿಂದ ಬಂದ ಹುಡುಗ’ ಅನ್ನುತ್ತೇವೆ. ವಿವರ ಮೊದಲು, ಹುಡುಗ ಆಮೇಲೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬರುತ್ತಾನೆ, ‘ಹೂ’ (who), ‘ವಿಚ್’ (which) ಹಿಡಿದುಕೊಂಡು ವಿವರ ಹಿಂದೆ ಬರುತ್ತದೆ. ಅಂಥ ಮೂರು ಒಂದಕ್ಕೊಂದು ಕೊಂಡಿ ಹಾಕಿಕೊಂಡರೆ ನಮ್ಮ ಮಕ್ಕಳಿಗೆ ಕರ್ತೃ ಯಾರು ಅನ್ನುವುದೇ ಮರೆತುಹೋಗುತ್ತದೆ. ಹಾಗಾಗಿ ಪುಟದ ಅತಿ ಉದ್ದದ ವಾಕ್ಯ ತೋರಿಸಿ ಕೇಳಿ: ಯಾರು, ಏನು ಮಾಡಿದರು? ಕನ್ನಡದಲ್ಲೇ ಹೇಳಲಿ. ಹೇಳಿದರೆ ಪಾಸು. ಪದ ಎಲ್ಲಾ ಗೊತ್ತಿದ್ದೂ ಉತ್ತರ ಬಾರದಿದ್ದರೆ, ಆ ಪುಸ್ತಕಕ್ಕೆ ಇನ್ನೂ ಎರಡು ವರ್ಷ ಇದೆ.

ಆಡುಮಾತು ಇನ್ನೊಂದು ಬಲೆ. ‘ಹಕಲ್‌ಬೆರಿ ಫಿನ್’ ಹುಡುಗರ ಕಥೆ ಅಂತ ಕೊಡಿಸಿಬಿಡುತ್ತಾರೆ. ಅದರಲ್ಲಿ ಜಿಮ್ ಎಂಬ ಪಾತ್ರ ಆಡುವ ಮಾತು ಸಾಮಾನ್ಯ ನಿಘಂಟಿನಲ್ಲಿ ಆ ರೂಪದಲ್ಲಿ ಸಿಗುವುದಿಲ್ಲ. ಕನ್ನಡ ಕಲಿಯುತ್ತಿರುವವರಿಗೆ ‘ಕುಸುಮಬಾಲೆ’ಯನ್ನೇ ಮೊದಲು ಕೊಟ್ಟ ಹಾಗೆ. ದೊಡ್ಡ ಕೃತಿ, ಅನುಮಾನವಿಲ್ಲ. ಮೊದಲ ಪುಸ್ತಕ ಅಲ್ಲ.

‘ಸುಲಭದ್ದು’ ಅಂತ ನಂಬಿ ಮೋಸ ಹೋಗುವ ಪುಸ್ತಕವೊಂದಿದೆ: ಲ್ಯಾಂಬ್ ಅಣ್ಣ–ತಂಗಿ... ಅಲ್ಲ, ತಮ್ಮ–ಅಕ್ಕ ಚಾರ್ಲ್ಸ್ ಮತ್ತು ಮೇರಿ ಬರೆದ ಶೇಕ್ಸ್‌ಪಿಯರ್ ಕಥೆಗಳು. ಮಕ್ಕಳಿಗೇ ಬರೆದದ್ದು ನಿಜ, ಆದರೆ 1807ರ ಇಂಗ್ಲಿಷ್ ಮಕ್ಕಳಿಗೆ. ವಾಕ್ಯಗಳು ಅರ್ಧ ಪುಟ ಎಳೆಯುತ್ತವೆ. ‘ಟೆಂಪೆಸ್ಟ್’ ಕಥೆ ಬೇಕಿದ್ದರೆ ಕುವೆಂಪು ಅವರ ‘ಬಿರುಗಾಳಿ’ ಓದಿಸಿ, ಆಮೇಲೆ ಮೂಲಕ್ಕೆ ಹೋಗಲಿ. ಕನ್ನಡದಲ್ಲಿ ಮೊದಲು ಓದುವುದು ಕಳ್ಳತನವೇನಲ್ಲ.

ನನ್ನ ಆಯ್ಕೆ ಕೇಳಿದರೆ ಮೊದಲು ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935). ಸೋಮವಾರ ಬೆಳಿಗ್ಗೆ ಸ್ಕೂಲಿಗೆ ಹೋಗಲು ಹುಡುಗನಿಗೆ ಬೇಜಾರು, ಅಲ್ಲಿಂದ ಕಥೆ ಶುರು. ವಿವರಿಸುವುದೇನೂ ಇಲ್ಲ. ಎರಡನೆಯದು ‘ಆನಿಮಲ್ ಫಾರ್ಮ್’ (1945). ಹಂದಿ, ಕುದುರೆ ಇದ್ದರೂ ಮೊಲ–ಕರಡಿ ಕಥೆಯಲ್ಲ, ಅಪ್ಪಟ ರಾಜಕೀಯ. ಹತ್ತೇ ಅಧ್ಯಾಯ, ವಾರಕ್ಕೊಂದು. ಜೇನ್ ಆಸ್ಟೆನ್ ಮೂರನೇ ಸುತ್ತಿಗೆ, ಅದೂ ಜೊತೆಗೊಬ್ಬರು ಕೂತು. ಐದು ಹೆಣ್ಣುಮಕ್ಕಳು, ಗಂಡು ಹುಡುಕುವ ಅಮ್ಮ: ‘ಪ್ರೈಡ್ ಅಂಡ್ ಪ್ರಿಜುಡೀಸ್’ ನಮ್ಮ ಮನೆಗಳಲ್ಲಿ ಯಾರಿಗೂ ಹೊಸದಲ್ಲ. ಆದರೆ ಆಸ್ಟೆನ್‌ಳ ಕೊಂಕು ಹಿಡಿಯದೆ ಓದಿದರೆ ಸುಮ್ನೆ ಮದುವೆ ಮಾತುಕತೆ ಆಗಿಬಿಡುತ್ತದೆ.

ಹಂತ 4: ಪ್ರತಿ. ಸಂಕ್ಷೇಪ ಅಂತ ಹೇಳಿಯೇ ಮಾರುವ, ‘ಲೆವೆಲ್ 1’, ‘ಲೆವೆಲ್ 2’ ಅಂತ ಅಚ್ಚಾಗಿರುವ ಪುಸ್ತಕಗಳ ಬಗ್ಗೆ ತಕರಾರಿಲ್ಲ. ಹೇಳದೆ ಕತ್ತರಿಸುವವರ ಬಗ್ಗೆ ಇದೆ. ಅಧ್ಯಾಯ ಎಣಿಸಿದರೆ ಸಿಕ್ಕಿಬೀಳುತ್ತಾರೆ: ‘ಪ್ರೈಡ್ ಅಂಡ್ ಪ್ರಿಜುಡೀಸ್’ ಅಂದರೆ 61, ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಅಂದರೆ 59. ಅಗ್ಗದ ಮರುಮುದ್ರಣವೂ ಬೇಡ. ಸ್ಕ್ಯಾನ್ ಮಾಡಿ ತಿದ್ದದೆ ಅಚ್ಚು ಹಾಕಿರುತ್ತಾರೆ. ನಾನು ಕೊಂಡ ಒಂದರಲ್ಲಿ ‘ಮಾಡರ್ನ್’ ಇರಬೇಕಾದಲ್ಲಿ ‘ಮೋಡೆಮ್’ ಇತ್ತು. ನಾವು ಅಚ್ಚಿನ ತಪ್ಪು ಅಂತ ನಗುತ್ತೇವೆ, ಕಲಿಯುವವರು ನಿಘಂಟು ಹುಡುಕುತ್ತಾರೆ. ಹಳೆಯ ಕ್ಲಾಸಿಕ್‌ಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕೊಳ್ಳುವ ಮುಂಚೆ ಪುಟದ ಪರೀಕ್ಷೆಯನ್ನು ಮೊಬೈಲಿನಲ್ಲೇ ಮುಗಿಸಬಹುದು.

ಹಂತ 5: ಪೆನ್ಸಿಲ್ ಕೊಡಿ, ಆದರೆ ಪುಟಕ್ಕೆ ಮೂರೇ ಅರ್ಥ ಬರೆಯಬೇಕು ಅಂತ ಕಟ್ಟು ಹಾಕಿ. ಉಳಿದದ್ದನ್ನು ಊಹಿಸಿಕೊಂಡು ಮುಂದೆ ಹೋಗಲಿ. 30 ಪುಟವಾದರೂ ಕಥೆ ಎಳೆಯದಿದ್ದರೆ ಅದನ್ನು ಪಕ್ಕಕ್ಕಿಟ್ಟು, ಬೇರೆಯದರ ನಡುವಿನ ಪುಟ ತೆರೆಯಿರಿ.