ಕೋರ್ಸ್ ಸೇರುವ ಮುಂಚೆ ನಾನು ಕೇಳಿದ ಪ್ರಶ್ನೆಗಳು

ವಿದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಬೇಕೆಂದು ಮನಸ್ಸು ಮಾಡಿದಾಗ ನಾನು ಮೊದಲು ಹುಡುಕಿದ್ದು ಕೋರ್ಸನ್ನಲ್ಲ, ಕೆಲಸದ ಜಾಹೀರಾತುಗಳನ್ನು. ಭಾಷಾ ಶಾಲೆಗಳು ಏನು ಕೇಳುತ್ತಿವೆ ಎಂದು ಬರೆದಿಟ್ಟುಕೊಳ್ಳುತ್ತಾ ಹೋದೆ. ಇಂಗ್ಲಿಷ್ ಕಲಿಸುವವರಿಗೆ ತರಬೇತಿ ಕೊಡುವ ಎರಡು ಸರ್ಟಿಫಿಕೇಟ್ ಕೋರ್ಸುಗಳ ಹೆಸರು ಪದೇ ಪದೇ ಸಿಕ್ಕವು: ಕೇಂಬ್ರಿಡ್ಜ್‌ನವರ ಸೆಲ್ಟಾ, ಟ್ರಿನಿಟಿ ಕಾಲೇಜ್ ಲಂಡನ್‌ನವರ ಸರ್ಟ್‌ಟೆಸಾಲ್. ಉಳಿದ ಕಡೆ ‘120 ಗಂಟೆಗಳ ಟೆಫ್ಲ್’ ಎಂದಷ್ಟೇ ಇತ್ತು; ಟೆಫ್ಲ್ ಅಂದರೆ ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವುದು. ವೀಸಾ ನಿಯಮವನ್ನೂ ಜೊತೆಯಲ್ಲೇ ನೋಡಿದ್ದು ಒಳ್ಳೆಯದಾಯಿತು. ಎಷ್ಟೋ ದೇಶಗಳಲ್ಲಿ ಪದವಿ ಇಲ್ಲದೆ ಕೆಲಸದ ವೀಸಾ ಸಿಗುವುದಿಲ್ಲ. ಕೆಲವು ಕಡೆ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಂಥ ಅಡ್ಡಿಯನ್ನು ಯಾವ ಸರ್ಟಿಫಿಕೇಟೂ ದಾಟಿಸುವುದಿಲ್ಲ.

ಟೆಫ್ಲ್ ಎನ್ನುವುದು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಆ ಹೆಸರಲ್ಲಿ ಕೋರ್ಸ್ ಮಾರಬಹುದು, 120 ಗಂಟೆ ಎಂದು ಮುದ್ರಿಸಬಹುದು. ಹಾಗಾಗಿ ಪ್ರತಿ ಸಂಸ್ಥೆಗೂ ನಾನು ಒಂದೇ ಪ್ರಶ್ನೆ ಹಾಕಿದೆ: ಇದರಲ್ಲಿ ನಾನು ನಿಜವಾದ ವಿದ್ಯಾರ್ಥಿಗಳಿಗೆ ಎಷ್ಟು ಹೊತ್ತು ಪಾಠ ಮಾಡುತ್ತೇನೆ, ಅದನ್ನು ಕೂತು ನೋಡುವವರು ಯಾರು? ಒಬ್ಬ ಮಾರಾಟ ಪ್ರತಿನಿಧಿ ಉತ್ತರವನ್ನೇ ಕೊಡದೆ, ಇವತ್ತೇ ಕಟ್ಟಿದರೆ ರಿಯಾಯಿತಿ ಎಂದರು. ಆ ಫೋನ್ ಅಲ್ಲಿಗೇ ಇಟ್ಟೆ.

ಸೆಲ್ಟಾದಲ್ಲಾದರೆ ಉತ್ತರ ಸ್ಪಷ್ಟ. ಆರು ಗಂಟೆ ಪಾಠ ಮಾಡಬೇಕು, ಅದೂ ಎರಡು ಬೇರೆ ಬೇರೆ ಮಟ್ಟದ ವಯಸ್ಕ ಕಲಿಕಾರ್ಥಿಗಳಿಗೆ. ಅನುಭವಿ ಶಿಕ್ಷಕರ ಪಾಠಗಳನ್ನು ಆರು ಗಂಟೆ ನೋಡಬೇಕು, ನಾಲ್ಕು ಲಿಖಿತ ಅಸೈನ್‌ಮೆಂಟ್ ಬರೆಯಬೇಕು. ಕೊನೆಯ ಪರೀಕ್ಷೆ ಅಂತ ಇಲ್ಲ. ಹೊರಗಿನಿಂದ ಬರುವ ಅಸೆಸರ್ ಒಬ್ಬರು ಕೋರ್ಸನ್ನೇ ಪರಿಶೀಲಿಸುತ್ತಾರೆ. ಟ್ರಿನಿಟಿಯದೂ ಹೆಚ್ಚುಕಡಿಮೆ ಇದೇ ತೂಕದ್ದು. ಅದರಲ್ಲಿ ನಿಮಗೆ ಗೊತ್ತೇ ಇಲ್ಲದ ಭಾಷೆಯೊಂದರ ಪಾಠಕ್ಕೆ ನೀವೇ ವಿದ್ಯಾರ್ಥಿಯಾಗಿ ಕೂರಬೇಕು; ನನಗೆ ಆ ಯೋಚನೆ ಬಹಳ ಹಿಡಿಸಿತ್ತು. ಕೊನೆಗೆ ಸೆಲ್ಟಾ ಆರಿಸಿದ್ದು ಅದರ ದಿನಾಂಕ ನನಗೆ ಹೊಂದಿಕೆಯಾದದ್ದರಿಂದ, ಅಷ್ಟೇ.

ನಾವೇ ಪಾಠ ಮಾಡುವ ಆ ಆರು ಗಂಟೆಗೆ ಅಷ್ಟು ಬೆಲೆ ಯಾಕೆ ಅಂದರೆ, ಒಂದು ಉದಾಹರಣೆ ಹೇಳುತ್ತೇನೆ. ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂಬ ವಾಕ್ಯ ವಿವರಿಸಿ, ಅರ್ಥವಾಯಿತಾ ಎಂದು ಕೇಳಿದೆ. ಎಲ್ಲರೂ ತಲೆಯಾಡಿಸಿದರು. ಪಾಠ ಮುಗಿದ ಮೇಲೆ ಟ್ಯೂಟರ್ ತಮ್ಮ ಟಿಪ್ಪಣಿ ತೋರಿಸಿದರು: ನಾನು ಮಾತಾಡಿದ ನಿಮಿಷಗಳು ಒಂದು ಕಡೆ, ವಿದ್ಯಾರ್ಥಿಗಳು ಮಾತಾಡಿದ್ದು ಇನ್ನೊಂದು ಕಡೆ. ‘ಅರ್ಥವಾಯಿತಾ ಅಂದರೆ ಯಾರು ಇಲ್ಲ ಅನ್ನುತ್ತಾರೆ? ಈ ವಾಕ್ಯ ಹೇಳಿದವನು ಈಗಲೂ ಇಲ್ಲೇ ಇದ್ದಾನಾ, ಬಂದದ್ದು ಯಾವಾಗ ಅಂತ ಕೇಳಿ’ ಎಂದರು. ಮುಂದಿನ ಪಾಠದಲ್ಲಿ ಹಾಗೇ ಕೇಳಿದೆ. ‘ಇದ್ದಾನೆ’ ಎನ್ನಬೇಕಾದ ಕಡೆ ಅರ್ಧ ತರಗತಿ ‘ಈಗ ಇಲ್ಲ’ ಎಂದಿತು! ಗೊಂದಲ ಎಲ್ಲಿದೆ ಅಂತ ನನಗೆ ಗೊತ್ತಾದದ್ದೇ ಆಗ. ವಿಡಿಯೋ ನೋಡಿ ಕ್ವಿಜ್ ಉತ್ತರಿಸುವ ಕೋರ್ಸಿನಲ್ಲಿ ಇದು ಸಿಗುವುದಿಲ್ಲ. ಹಾಗೆಂದು ಆನ್‌ಲೈನ್ ಎಂದಾಕ್ಷಣ ತಳ್ಳಿಹಾಕಬೇಕಿಲ್ಲ. ಸೆಲ್ಟಾವನ್ನೂ ಆನ್‌ಲೈನ್‌ನಲ್ಲಿ ಮಾಡಬಹುದು, ಆದರೆ ಅಲ್ಲೂ ಎದುರಿಗೆ ನಿಜವಾದ ವಿದ್ಯಾರ್ಥಿಗಳಿರುತ್ತಾರೆ.

ಪೂರ್ಣಾವಧಿಯದು ನಾಲ್ಕೈದು ವಾರ. ಆ ವಾರಗಳಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ರಾತ್ರಿಯೆಲ್ಲ ಲೆಸನ್ ಪ್ಲಾನ್ ಬರೆಯುವುದೇ ಆಗುತ್ತದೆ. ಉದ್ಯೋಗ ಬಿಡಲಾಗದವರಿಗೆ ಅರೆಕಾಲಿಕ ಕೋರ್ಸ್ ಇದೆ. ಚಿಕ್ಕ ಮಕ್ಕಳಿಗೆ ಕಲಿಸುವ ಇರಾದೆಯಿದ್ದರೆ ಸೆಲ್ಟಾ ವಯಸ್ಕರನ್ನು ಗಮನದಲ್ಲಿಟ್ಟು ಮಾಡಿದ್ದು ಎಂಬುದು ನೆನಪಿರಲಿ. ಕೇಂಬ್ರಿಡ್ಜ್‌ನವರದೇ ಮುಂದಿನ ಹಂತದ ಅರ್ಹತೆಯಾದ ಡೆಲ್ಟಾ ಬಗ್ಗೆ ಈಗಲೇ ತಲೆಕೆಡಿಸಿಕೊಳ್ಳುವುದು ಬೇಡ, ಅದು ಒಂದಷ್ಟು ವರ್ಷ ಪಾಠ ಮಾಡಿದವರಿಗೆ.