ಊರ ಬೋರ್‌ವೆಲ್ ನೀರು ಕುಡಿಯಲು ಯೋಗ್ಯವೇ? ಪರೀಕ್ಷೆ, ಕ್ಲೋರಿನ್ ಮತ್ತು ನಿತ್ಯದ ನಿಗಾ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಸಣ್ಣ ಊರುಗಳಲ್ಲಿ ನಲ್ಲಿ ನೀರೆಂದರೆ ಬಹುಮಟ್ಟಿಗೆ ಕೊಳವೆ ಬಾವಿಯ ನೀರೇ. ಒಂದೆರಡು ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕ್, ಅಲ್ಲಲ್ಲಿ ಸಿಸ್ಟರ್ನ್, ಬೀದಿಯ ಸರದಿ ನೋಡಿಕೊಂಡು ವಾಲ್ವ್ ತಿರುಗಿಸುವ ನೀರುಗಂಟಿ, ಇಷ್ಟರಲ್ಲಿ ಊರಿನ ಇಡೀ ವ್ಯವಸ್ಥೆ ಮುಗಿಯುತ್ತದೆ. 2019ರ ಆಗಸ್ಟ್‌ನಲ್ಲಿ ಘೋಷಣೆಯಾದ ಜಲಜೀವನ್ ಮಿಷನ್‌ನಿಂದ ಅನೇಕ ಮನೆಗಳ ಅಂಗಳಕ್ಕೆ ಹೊಸ ನಲ್ಲಿ ಬಂದಿದೆಯಾದರೂ ಅದರಲ್ಲಿ ಹರಿಯುವುದು ಹಲವೆಡೆ ಅದೇ ಹಳೆಯ ಬೋರ್‌ವೆಲ್‌ನ ನೀರು. ಆ ನೀರಿನ ಗುಣವನ್ನು ಊರಿನವರೇ ತಿಳಿದುಕೊಂಡು ಕಾಯ್ದುಕೊಳ್ಳಲು ಏನೇನು ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಸ್ಪಷ್ಟಪಡಿಸಿಕೊಳ್ಳಬೇಕಾದ ಸಂಗತಿ ಒಂದಿದೆ. ಕುಡಿಯುವ ನೀರು ಕೆಡುವುದು ಎರಡು ಬಗೆಯಲ್ಲಿ. ಒಂದು, ಮಲಮೂತ್ರದ ಸಂಪರ್ಕದಿಂದ ಸೇರುವ ರೋಗಾಣುಗಳು. ಇವು ನಿನ್ನೆ ಇಲ್ಲದೆ ಇಂದು ಬರಬಹುದು, ಬಂದರೆ ಎರಡು ಮೂರು ದಿನಗಳಲ್ಲಿ ಮನೆಮಂದಿಯನ್ನೆಲ್ಲ ವಾಂತಿಭೇದಿಗೆ ಕೆಡವಬಹುದು, ಆದರೆ ಕ್ಲೋರಿನ್ನಿಗೂ ಕುದಿತಕ್ಕೂ ಸಾಯುತ್ತವೆ. ಇನ್ನೊಂದು, ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್‌ಗಳಂಥ ವಸ್ತುಗಳು. ಇವುಗಳಲ್ಲಿ ಫ್ಲೋರೈಡ್ ಆಳದ ಬಂಡೆಯಿಂದ ಬರುವುದರಿಂದ ವರ್ಷಗಟ್ಟಲೆ ಇರುತ್ತದೆ, ರುಚಿಯಲ್ಲಾಗಲಿ ಬಣ್ಣದಲ್ಲಾಗಲಿ ಸುಳಿವು ಕೊಡುವುದಿಲ್ಲ. ಕುದಿಸಿದರೆ ಇವು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಇವುಗಳ ಸಾಂದ್ರತೆ ತುಸು ಹೆಚ್ಚುತ್ತದೆ. ‘ನಾವು ಕಾಯಿಸಿಯೇ ಕುಡಿಯುತ್ತೇವೆ, ನಮಗೇನೂ ಆಗುವುದಿಲ್ಲ’ ಎಂದು ಫ್ಲೋರೈಡ್ ಪೀಡಿತ ಊರುಗಳಲ್ಲಿ ಹೇಳುವವರು ಒಂದು ರೋಗದ ಮದ್ದನ್ನು ಇನ್ನೊಂದಕ್ಕೆ ಕೊಡುತ್ತಿರುತ್ತಾರೆ. ಆದ್ದರಿಂದ ಯಾವ ಉಪಾಯವನ್ನು ಹುಡುಕುವ ಮುನ್ನವೂ ನಮ್ಮ ನೀರಿನಲ್ಲಿರುವ ದೋಷ ಯಾವ ಬಗೆಯದು ಎಂದು ಪರೀಕ್ಷೆಯಿಂದ ತಿಳಿಯಬೇಕು.

ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ತರಬೇತಿ ಕೊಟ್ಟು, ಸ್ಥಳದಲ್ಲೇ ನೀರು ಪರೀಕ್ಷಿಸುವ ಕಿಟ್ ಒದಗಿಸಬೇಕೆಂಬ ನಿಯಮವಿದೆ. ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಸದಸ್ಯೆಯರು ಸಾಮಾನ್ಯವಾಗಿ ಈ ಕೆಲಸಕ್ಕೆ ಆಯ್ಕೆಯಾಗಿರುತ್ತಾರೆ. ನಿಮ್ಮ ಊರಿನಲ್ಲಿ ಯಾರೆಂದು ಪಂಚಾಯಿತಿಯಲ್ಲಿ ಕೇಳಿ. ಕೆಲವೆಡೆ ಕಿಟ್ಟು ಪಂಚಾಯಿತಿ ಕಚೇರಿಯ ಬೀರುವಿನಲ್ಲಿ ಸೀಲು ಒಡೆಯದೆ ಅವಧಿ ಮುಗಿಸಿಕೊಂಡಿರುವುದೂ ಉಂಟು, ಆದ್ದರಿಂದ ರಾಸಾಯನಿಕಗಳ ಬಾಟಲಿಯ ಮೇಲಿನ ದಿನಾಂಕವನ್ನು ನೋಡಿಯೇ ಮುಂದುವರಿಯಬೇಕು. ಕಿಟ್‌ನ ಫಲಿತಾಂಶ ಸೂಚನೆ ಮಾತ್ರ. ಅದರಲ್ಲಿ ಸಂಶಯ ಕಂಡರೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿಯನ್ನು ಕಳುಹಿಸಬೇಕು. ಅಲ್ಲಿ ಸಾರ್ವಜನಿಕರೂ ಅಲ್ಪ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಬಹುದು. ಪ್ರತಿ ಜಲಮೂಲಕ್ಕೂ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಒಂದೊಂದು ಬಾರಿ ಜೈವಿಕ ಪರೀಕ್ಷೆ ಆಗಲೇಬೇಕು.

ಮಾದರಿ ತೆಗೆಯುವಲ್ಲಿ ತಪ್ಪಿದರೆ ಪ್ರಯೋಗಾಲಯ ಎಷ್ಟೇ ಚೆನ್ನಾಗಿದ್ದರೂ ಫಲವಿಲ್ಲ. ರಾಸಾಯನಿಕ ಪರೀಕ್ಷೆಗೆ ಒಂದೆರಡು ಲೀಟರಿನ ಶುಭ್ರವಾದ ಪ್ಲಾಸ್ಟಿಕ್ ಕ್ಯಾನನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಕಂಠದವರೆಗೆ ತುಂಬಿ ಮುಚ್ಚಿದರೆ ಸಾಕು. ಜೈವಿಕ ಪರೀಕ್ಷೆಗೆ ಹಾಗಲ್ಲ. ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು, ಅದರೊಳಗೆ ಮೊದಲೇ ಹಾಕಿರುವ ರಾಸಾಯನಿಕವು ಕ್ಲೋರಿನ್ನನ್ನು ತಟಸ್ಥಗೊಳಿಸಲು ಇರುವುದರಿಂದ ಅದನ್ನು ತೊಳೆಯಬಾರದು. ನಲ್ಲಿಯ ಬಾಯನ್ನು ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಬಿಟ್ಟು, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗದಂತೆ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆದಷ್ಟೂ ಆರು ಗಂಟೆಯೊಳಗೆ ತಲುಪಿಸಬೇಕು. ಊರು, ಜಲಮೂಲ, ದಿನಾಂಕ, ಹೊತ್ತು ಇವನ್ನು ಬಾಟಲಿಯ ಮೇಲೆಯೇ ಬರೆಯಿರಿ.

ಎಲ್ಲಿಂದ ತೆಗೆಯಬೇಕೆಂಬುದು ಇನ್ನೂ ಮುಖ್ಯ. ಬೋರ್‌ವೆಲ್ ಬಾಯಲ್ಲಿ ಮಾತ್ರ ಪರೀಕ್ಷಿಸಿ ‘ನೀರು ಚೆನ್ನಾಗಿದೆ’ ಎಂದು ಬರೆದುಕೊಡುವ ಪದ್ಧತಿ ಸಾಲದು. ರಾಸಾಯನಿಕ ಗುಣಕ್ಕೆ ಬೋರ್‌ವೆಲ್ ಸರಿಯಾದ ಜಾಗ. ರೋಗಾಣುಗಳಿಗಾದರೆ ಟ್ಯಾಂಕಿನ ನಂತರದ ಮೊದಲ ನಲ್ಲಿ, ನಡುವಿನ ಒಂದು ನಲ್ಲಿ, ಪೈಪಿನ ಕಟ್ಟಕಡೆಯ ಮನೆಯ ನಲ್ಲಿ ಈ ಮೂರರಲ್ಲೂ ನೋಡಬೇಕು. ಮೊದಲನೆಯದು ಶುದ್ಧವಾಗಿದ್ದು ಕೊನೆಯದು ಕೆಟ್ಟಿದ್ದರೆ ದೋಷ ನಡುವಿನ ಪೈಪಿನಲ್ಲಿದೆ ಎಂದು ಖಚಿತವಾಗುತ್ತದೆ.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು, ಇದಕ್ಕೆ ರಿಯಾಯಿತಿ ಇಲ್ಲ. ಕರಗಿದ ಲವಣಗಳ ಒಟ್ಟು ಮೊತ್ತ, ಅಂದರೆ ಟಿಡಿಎಸ್, 500ರೊಳಗಿರುವುದು ಒಳ್ಳೆಯದು, ಅನಿವಾರ್ಯವಾದರೆ 2,000ದವರೆಗೆ ಒಪ್ಪಬಹುದು. ಗಡಸುತನಕ್ಕೆ ಈ ಮಿತಿಗಳು 200 ಮತ್ತು 600. ಇ-ಕೋಲೈ ಎಂಬ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಇರಕೂಡದು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಗಡಸು ನೀರಿನ ಬಗ್ಗೆ ಜನರು ಹೆಚ್ಚು ದೂರುತ್ತಾರೆ, ಆದರೆ ಬೇಳೆ ಬೇಯಲು ತಡಮಾಡುವ ಆ ನೀರು ಆರೋಗ್ಯಕ್ಕೆ ಅಷ್ಟೇನೂ ಅಪಾಯಕಾರಿಯಲ್ಲ. ಕಣ್ಣಿಗೆ ಕಾಣದ ಫ್ಲೋರೈಡ್ ಮತ್ತು ನೈಟ್ರೇಟ್‌ಗಳೇ ನಿಜವಾದ ಚಿಂತೆ.

ಫ್ಲೋರೈಡ್ ಹೆಚ್ಚಿರುವ ನೀರನ್ನು ಮಕ್ಕಳು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದರೆ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಗೆರೆ, ಆಮೇಲೆ ಕಂದು ಕಲೆ ಮೂಡುತ್ತದೆ. ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣವನ್ನು ಹತ್ತಾರು ವರ್ಷ ಕುಡಿದವರಿಗೆ ಬೆನ್ನು, ಕತ್ತು, ಮಂಡಿಗಳು ಬಿಗಿಯುತ್ತವೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೈಟ್ರೇಟ್‌ನ ಕಥೆ ಬೇರೆ. ಅದು ತಿಪ್ಪೆ, ಶೌಚಗುಂಡಿ, ಹೊಲಕ್ಕೆ ಸುರಿದ ಯೂರಿಯಾಗಳಿಂದ ಇಳಿದು ಬರುತ್ತದೆ, ಆರು ತಿಂಗಳೊಳಗಿನ ಶಿಶುಗಳಿಗೆ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ಬಾಟಲಿ ಹಾಲು ಕಲಸಲು ನೈಟ್ರೇಟ್ ಇರುವ ನೀರನ್ನು ಕುದಿಸಿಯೂ ಬಳಸಬಾರದು. ಬೋರ್‌ವೆಲ್ ಸುತ್ತಲಿನ ತಿಪ್ಪೆಗಳನ್ನು ದೂರ ಸರಿಸುವುದು, ಕೇಸಿಂಗ್ ಪೈಪಿನ ಸುತ್ತ ನೀರು ನಿಲ್ಲದಂತೆ ಸಿಮೆಂಟ್ ಕಟ್ಟೆ ಕಟ್ಟಿಸುವುದು ಇದಕ್ಕಿರುವ ಮೊದಲ ಕೆಲಸ.

ಇನ್ನು ಕ್ಲೋರಿನ್. ಊರಿನ ಮಟ್ಟಿಗೆ ಇದರಷ್ಟು ಅಗ್ಗದ ರಕ್ಷಣೆ ಬೇರೊಂದಿಲ್ಲ, ಇದರಷ್ಟು ಉದಾಸೀನವಾಗಿ ಮಾಡುವ ಕೆಲಸವೂ ಬೇರೊಂದಿಲ್ಲ. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಶೇಕಡ 33ರಷ್ಟು ಕ್ಲೋರಿನ್ ಇರುತ್ತದೆ, ಆದರೆ ಚೀಲದ ಬಾಯಿ ಬಿಚ್ಚಿ ಪಂಪ್‌ಹೌಸಿನ ಸೆಕೆಯಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಅದು ಬರೀ ಸುಣ್ಣದ ಪುಡಿಯ ಮಟ್ಟಕ್ಕೆ ಇಳಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ, ತಂಪಾದ ಕತ್ತಲ ಜಾಗದಲ್ಲಿ ಇಡಬೇಕು. ತಿಳಿನೀರಿಗೆ ಸಾಮಾನ್ಯ ಲೆಕ್ಕ 1,000 ಲೀಟರಿಗೆ 2.5 ಗ್ರಾಂ, 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಎಸೆಯಬಾರದು. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮತ್ತಷ್ಟು ನೀರು ಬೆರೆಸಿ ತಿರುಗಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ, ಟ್ಯಾಂಕ್ ತುಂಬುತ್ತಿರುವಾಗ, ಸುರಿಯಬೇಕು. ನಂತರ ಕನಿಷ್ಠ ಒಂದು ಗಂಟೆ ಕಾದು ವಾಲ್ವ್ ತೆರೆಯಬೇಕು. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್ ಕಡ್ಡಾಯ.

ಈ ಅಳತೆ ಆರಂಭಕ್ಕೆ ಮಾತ್ರ, ಸರಿಯಾಯಿತೇ ಇಲ್ಲವೇ ಎಂದು ಹೇಳುವುದು ಕೊನೆಯ ಮನೆಯ ನಲ್ಲಿ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕಿಟ್‌ನಲ್ಲಿರುವ ರಾಸಾಯನಿಕವನ್ನು ಹಾಕಿದಾಗ ಮೂಡುವ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿದರೆ ಒಂದೆರಡು ನಿಮಿಷದಲ್ಲಿ ತಿಳಿಯುತ್ತದೆ. ಬಣ್ಣವೇ ಬಾರದಿದ್ದರೆ ಪುಡಿ ಸತ್ತಿದೆ, ಇಲ್ಲವೇ ದಾರಿಯಲ್ಲಿ ಕೊಳಕು ಸೇರುತ್ತಿದೆ. ಕ್ಲೋರಿನ್ ವಾಸನೆಗೆ ಜನ ಬೈಯುತ್ತಾರೆಂದು ಪುಡಿ ಹಾಕುವುದನ್ನೇ ನಿಲ್ಲಿಸುವ ನೀರುಗಂಟಿಗಳಿದ್ದಾರೆ. ಅವರನ್ನು ದೂರುವ ಬದಲು, ಹಿಡಿದ ನೀರನ್ನು ಸ್ವಲ್ಪ ಹೊತ್ತು ಬಿಟ್ಟು ಕುಡಿದರೆ ವಾಸನೆ ತಗ್ಗುತ್ತದೆಂದು ಮನೆಗಳಲ್ಲಿ ತಿಳಿಹೇಳುವುದು ಲೇಸು.

ಟ್ಯಾಂಕ್ ಶುಚಿಗೊಳಿಸುವಾಗ ತಳದ ವಾಲ್ವಿನಿಂದ ನೀರು ಪೂರ್ತಿ ಬಿಟ್ಟು, ಹೂಳು ಬಳಿದು, ಗೋಡೆಗಳನ್ನು ಉಜ್ಜಿ, ಬ್ಲೀಚಿಂಗ್ ದ್ರಾವಣದಿಂದ ತೊಳೆದು, ಮೊದಲ ನೀರನ್ನು ಹೊರಚೆಲ್ಲಬೇಕು. ಒಳಗೆ ಒಬ್ಬನೇ ಇಳಿಯಕೂಡದು, ಮುಚ್ಚಳ ತೆರೆದಿರಬೇಕು, ಹೊರಗೊಬ್ಬರು ಕಾಯುತ್ತಿರಬೇಕು. ಗಾಳಿಕಿಂಡಿಗೆ ಜಾಲರಿ ಹಾಕಿಸಿದರೆ ಹಕ್ಕಿಯ ಹಿಕ್ಕೆ, ಸತ್ತ ಹಲ್ಲಿಗಳ ಕಾಟ ತಪ್ಪುತ್ತದೆ.

ಆದರೂ ನನ್ನ ಮಟ್ಟಿಗೆ ಹೆಚ್ಚಿನ ಅಪಾಯ ಟ್ಯಾಂಕಿನಲ್ಲಿಲ್ಲ, ಬೀದಿಯಲ್ಲಿದೆ. ನೀರು ಹಗಲೂ ರಾತ್ರಿ ಬರುವುದಿಲ್ಲವಾದ್ದರಿಂದ ಪೈಪು ಹೆಚ್ಚಿನ ಹೊತ್ತು ಖಾಲಿಯಿರುತ್ತದೆ. ಆಗ ಒಳಗೆ ಒತ್ತಡವಿಲ್ಲದೆ, ಒಡಕಿರುವ ಕಡೆಯಲ್ಲೆಲ್ಲ ಹೊರಗಿನ ಕೊಳಚೆ ಒಳಕ್ಕೆ ಜಿನುಗುತ್ತದೆ. ನೀರು ಸಣ್ಣಗೆ ಬರುತ್ತದೆಂದು ಮನೆಯ ಮುಂದೆ ಗುಂಡಿ ತೋಡಿ ನೆಲಮಟ್ಟಕ್ಕಿಂತ ಕೆಳಗೆ ನಲ್ಲಿ ಇಟ್ಟುಕೊಂಡಿರುವವರು ಎಷ್ಟು ಮಂದಿ! ಆ ಗುಂಡಿಯಲ್ಲಿ ಮಳೆನೀರೂ ಬಚ್ಚಲ ನೀರೂ ನಿಲ್ಲುತ್ತವೆ, ಪೈಪಿನಲ್ಲಿ ನೀರು ಬರುವುದು ನಿಂತೊಡನೆ ತೆರೆದ ನಲ್ಲಿ ಅದನ್ನೇ ಹೀರಿಕೊಳ್ಳುತ್ತದೆ, ಮರುದಿನ ಅದು ಮುಂದಿನ ಮನೆಗೆ ಹೋಗುತ್ತದೆ. ನಲ್ಲಿಗೆ ನೇರವಾಗಿ ಮೋಟರ್ ಜೋಡಿಸಿ ಎಳೆಯುವುದಂತೂ ಇನ್ನೂ ಕೆಡುಕು, ಏಕೆಂದರೆ ಆ ಎಳೆತಕ್ಕೆ ಚರಂಡಿಯ ನೀರೂ ಬರುತ್ತದೆ. ಗುಂಡಿ ಮುಚ್ಚಿಸಿ ನಲ್ಲಿಯನ್ನು ಕಟ್ಟೆಯ ಮೇಲಕ್ಕೇರಿಸುವುದು, ಚರಂಡಿ ದಾಟುವ ಕಡೆ ಪೈಪಿಗೆ ಹೊರಕೊಳವೆ ಹಾಕಿಸುವುದು, ವಾಲ್ವ್ ಗುಂಡಿಗಳಲ್ಲಿ ನೀರು ನಿಲ್ಲದಂತೆ ಮಾಡುವುದು, ನೀರು ಬಿಟ್ಟ ದಿನ ಬೀದಿ ಸುತ್ತಿ ಸೋರಿಕೆ ಗುರುತಿಸುವುದು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಖಾಯಂ ಕೆಲಸವಾಗಬೇಕು.

ಮನೆಯೊಳಗೆ ಮಾಡಬೇಕಾದದ್ದು ಕಡಿಮೆ. ನೀರು ಬಂದೊಡನೆ ಮೊದಲ ಒಂದೆರಡು ಕೊಡವನ್ನು ಕುಡಿಯಲು ಹಿಡಿಯದೆ ಬಳಕೆಗೆ ಬಿಡಿ. ಬಟ್ಟೆಯಲ್ಲಿ ಸೋಸಿದರೆ ಕಸ ಹೋಗುತ್ತದೆ, ರೋಗಾಣು ಹೋಗುವುದಿಲ್ಲ. ಸಂಶಯವಿದ್ದಾಗ ನೀರು ಕೊತಕೊತ ಕುದಿಯಲು ಆರಂಭಿಸಿದ ಮೇಲೆ ಒಂದು ನಿಮಿಷ ಬಿಡಿ, ಅಥವಾ ಆಶಾ ಕಾರ್ಯಕರ್ತೆ ಕೊಡುವ ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಹಾಕಿ ಅರ್ಧ ಗಂಟೆ ಕಾಯಿರಿ. ಕುಡಿಯುವ ನೀರಿನ ಪಾತ್ರೆಗೆ ಲೋಟ ಅದ್ದುವ ಅಭ್ಯಾಸವಿರುವ ಮನೆಯಲ್ಲಿ ಕುದಿಸಿದ್ದೂ ವ್ಯರ್ಥ; ನಲ್ಲಿಯಿರುವ ಡ್ರಮ್ಮೋ ಉದ್ದ ಹಿಡಿಯ ಸೌಟೋ ಇರಲಿ.

ಆರ್‌ಒ ಯಂತ್ರ, ಅಂದರೆ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಲವಣ ತೆಗೆಯುವ ಯಂತ್ರ, ಮಾರಲು ಬರುವವರು ಎರಡು ಲೋಟದಲ್ಲಿ ವಿದ್ಯುತ್ ಕಡ್ಡಿ ಅದ್ದಿ, ನಿಮ್ಮ ನೀರು ಕಂದಾಗುವುದನ್ನೂ ತಮ್ಮದು ತಿಳಿಯಾಗಿರುವುದನ್ನೂ ತೋರಿಸುತ್ತಾರೆ. ಆ ಕಂದು ಬಣ್ಣ ಕಡ್ಡಿಯ ಕಬ್ಬಿಣವೇ ಕರಗಿ ಬಂದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಹೆಚ್ಚು ಹರಿಯುವುದಿಲ್ಲ, ಅಷ್ಟೇ. ಟಿಡಿಎಸ್ ಮೀಟರು ಕೂಡ ಒಟ್ಟು ಲವಣವನ್ನು ಅಂದಾಜಿಸುತ್ತದೆಯೇ ಹೊರತು ಫ್ಲೋರೈಡನ್ನೂ ರೋಗಾಣುವನ್ನೂ ಹೇಳಲಾರದು. ಪರೀಕ್ಷೆಯಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿಮೀರಿದ್ದರೆ ಮಾತ್ರ ಆರ್‌ಒ ಅಗತ್ಯ, ಆಗಲೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು, ಏಕೆಂದರೆ ಪೊರೆ ಬದಲಿಸದ ಘಟಕದಿಂದ ಫ್ಲೋರೈಡ್ ಹಾಗೆಯೇ ಬರುತ್ತದೆ. ಯಂತ್ರ ಹೊರಬಿಡುವ ನೀರಿನಲ್ಲಿ ಎಲ್ಲ ದೋಷವೂ ಮಡುಗಟ್ಟಿರುವುದರಿಂದ ಅದನ್ನು ದನಗಳಿಗೆ ಕುಡಿಸಬೇಡಿ.

ಫ್ಲೋರೈಡ್ ಇರುವ ಊರಿನಲ್ಲಿ ಮಳೆನೀರು ಹೆಚ್ಚು ನೆಚ್ಚತಕ್ಕ ದಾರಿ. 50 ಚದರ ಮೀಟರಿನ ಆರ್‌ಸಿಸಿ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಐದನೇ ಒಂದು ಭಾಗ ವ್ಯರ್ಥವಾದರೂ 20,000 ಲೀಟರ್ ಸಿಗುತ್ತದೆ. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 40 ಲೀಟರ್ ಬಳಸುವ ಕುಟುಂಬಕ್ಕೆ ಅದು ವರ್ಷ ದಾಟಿಯೂ ಉಳಿಯುತ್ತದೆ. ಮಳೆಯಿಲ್ಲದ ತಿಂಗಳುಗಳಿಗೆ ಕೂಡಿಡಲು 8,000 ಲೀಟರಿನ ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮಾಳಿಗೆ ಗುಡಿಸಿಟ್ಟುಕೊಂಡು, ಕುಡಿಯುವ ಮುನ್ನ ಕುದಿಸಿದರೆ ಆಯಿತು.

ಎಲ್ಲ ಪರೀಕ್ಷೆಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ: ದಿನಾಂಕ, ಜಾಗ, ಉಳಿಕೆ ಕ್ಲೋರಿನ್, ಟ್ಯಾಂಕ್ ತೊಳೆದ ದಿನ. ಪಿಡಿಒ ಅವರಿಗೆ ಅರ್ಜಿ ಕೊಡುವಾಗ ‘ನೀರು ಕೆಟ್ಟಿದೆ’ ಎಂದು ಬರೆಯುವುದಕ್ಕಿಂತ ‘ಇಂಥ ದಿನ ಇಂಥ ಬೀದಿಯ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆ’ ಎಂದು ಬರೆದು ವರದಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಅದನ್ನೇ ಓದಿ ನಡಾವಳಿಗೆ ಸೇರಿಸಿ. ಕಿಟ್‌ನಲ್ಲಿರುವ ಜೈವಿಕ ಪರೀಕ್ಷೆಯ ಪುಟ್ಟ ಬಾಟಲಿಯಲ್ಲಿ ಹಾಕಿಟ್ಟ ನೀರು, ಮಲಿನವಾಗಿರುವುದರ ಗುರುತಾಗಿ, ಕಪ್ಪಾದರೆ ಅಥವಾ ಒಂದೇ ಬೀದಿಯಲ್ಲಿ ಇಬ್ಬರು ಮೂವರಿಗೆ ವಾಂತಿಭೇದಿ ಕಂಡರೆ ಅರ್ಜಿಗೆ ಕಾಯದೆ ಆ ಬೀದಿಯ ವಾಲ್ವ್ ಮುಚ್ಚಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಟ್ಯಾಂಕರಿನಲ್ಲಿ ಬೇರೆ ನೀರು ತರಿಸಬೇಕು. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಹೊಸದನ್ನು ಕೊರೆಸಿದಾಗ ಅಥವಾ ಮೋಟರನ್ನು ಇನ್ನಷ್ಟು ಆಳಕ್ಕೆ ಇಳಿಸಿದಾಗ ಹಳೆಯ ವರದಿಗೆ ಬೆಲೆಯಿಲ್ಲ. ಆ ನೀರನ್ನು ಟ್ಯಾಂಕಿಗೆ ಹರಿಸುವ ಮುನ್ನವೇ ಹೊಸ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ.